ಅದು ಸುಳ್ಳಂತಲ್ರೀ?

ಹೌದು, 'ಷೇಕ್ಸ್‌ಪಿಯರ್ ಇನ್ ಲವ್' ಸಿನಿಮಾದ ಕಥೆ ಸುಳ್ಳು. ಇನ್ನು ಮುಂದೆ ಯಾರು ಕೇಳಿದರೂ ಈ ಬರಹ ಕಳಿಸಿ ಸುಮ್ಮನಾಗುತ್ತೇನೆ. ಬಾಯಿ ನೋಯಿಸಿಕೊಂಡದ್ದು ಸಾಕು.

ವಿಷಯ ಇಷ್ಟು. ನಾನು ಹಗಲು ಹುಬ್ಬಳ್ಳಿಯಲ್ಲಿ ನೌಕರಿ ಮಾಡುವವನು. ಜಾತ್ರೆ ಸೀಸನ್ ಬಂತೆಂದರೆ ಹಾವೇರಿ ಕಡೆಯ ಹಳ್ಳಿ ನಾಟಕಗಳಿಗೆ ಪ್ರಾಂಪ್ಟರ್. ಅಂದರೆ ಪರದೆಯ ಮರೆಯಲ್ಲಿ ನೋಟ್‌ಬುಕ್ಕು, ಟಾರ್ಚು ಹಿಡಿದು ಕೂತು, ಮಾತು ಮರೆತವರಿಗೆ ಮಾತು ಕೊಡುವವನು. ಕೆಲವು ತಿಂಗಳ ಹಿಂದೆ ಒಂದು ಭಾನುವಾರ ಗೆಳೆಯರನ್ನು ಕೂಡಿಸಿ 'ಷೇಕ್ಸ್‌ಪಿಯರ್ ಇನ್ ಲವ್' ತೋರಿಸಿದೆ. 1998ರ ಸಿನಿಮಾ. ಕಥೆ ನಡೆಯುವುದು 1593ರ ಲಂಡನ್ನಿನಲ್ಲಿ. ಷೇಕ್ಸ್‌ಪಿಯರ್‌ಗೆ ಬರೆಯಲು ಏನೂ ಹೊಳೆಯುತ್ತಿಲ್ಲ. ಥಿಯೇಟರ್ ಮಾಲೀಕ ಸಾಲದಲ್ಲಿ ಮುಳುಗಿದ್ದಾನೆ. ಸಾಲ ಕೊಟ್ಟವನು ಅವನ ಕಾಲನ್ನು ಕೆಂಡದ ಮೇಲೆ ಹಿಡಿಸಿದ್ದಾನೆ. ಶ್ರೀಮಂತರ ಮನೆಯ ಹುಡುಗಿಯೊಬ್ಬಳು ಗಂಡುವೇಷದಲ್ಲಿ ಪಾರ್ಟ್ ಕೇಳಲು ಬರುತ್ತಾಳೆ. ಇಷ್ಟೆಲ್ಲ ರಾಡಿಯ ನಡುವೆ ಹೆಂಗೋ ಒಂದು ನಾಟಕ ರಂಗದ ಮೇಲೆ ಬರುತ್ತದೆ. ಅದೇ 'ರೋಮಿಯೋ ಅಂಡ್ ಜೂಲಿಯೆಟ್'.

ನೋಡಿದವರು ನಕ್ಕರು, ಚಹಾ ಕುಡಿದರು, ಮನೆಗೆ ಹೋದರು. ಮರುದಿನದಿಂದ ಶುರುವಾಯಿತು. "ಸರ್, ಅದೆಲ್ಲಾ ಸುಳ್ಳಂತಲ್ರೀ?"

"ಸುಳ್ಳಾ?" ಎಂದು ಕೇಳಿದ್ದರೆ ನನಗೆ ಬೇಜಾರಿಲ್ಲ. ಸಿಟ್ಟು ಬರುವುದು ಆ 'ಅಂತಲ್ರೀ'ಗೆ. 'ಅಂತ' ಎಂದಾಗ ಹಿಂದೆ ಇನ್ಯಾರೋ ಇದ್ದಾನೆ ಎಂದಾಯಿತು. ರಾತ್ರಿ ಹಾಸಿಗೆಯಲ್ಲಿ ಮಲಗಿ ಮೊಬೈಲ್‌ನಲ್ಲಿ ಹುಡುಕಿದ್ದಾರೆ, ಅವನ ಮಾತು ಹೊತ್ತು ತಂದಿದ್ದಾರೆ. ಇನ್ನು 'ಲ್ರೀ'. "ಹಾಲಿಗೆ ನೀರು ಬೆರೆಸ್ತೀರಂತಲ್ರೀ?" ಎಂದು ಗೌಳಿಗನನ್ನು ಕೇಳುವ ಅದೇ ರಾಗ. ನಾನೇನು ಆ ಸಿನಿಮಾ ತೆಗೆದವನಾ?

ಸರಿ, ಲೆಕ್ಕ ಕೊಟ್ಟು ಮುಗಿಸುತ್ತೇನೆ. ಆ ಹುಡುಗಿ ವಯೋಲಾ ಇದ್ದೇ ಇಲ್ಲ, ಕಟ್ಟುಕಥೆ. ರೋಮಿಯೋ ಕಥೆಯೂ ಷೇಕ್ಸ್‌ಪಿಯರನ ಸ್ವಂತ ಪ್ರೇಮದಿಂದ ಹುಟ್ಟಿದ್ದಲ್ಲ. ಆರ್ಥರ್ ಬ್ರೂಕ್ ಎಂಬವನು 1562ರಲ್ಲೇ ಅದನ್ನು ಇಂಗ್ಲಿಷ್ ಪದ್ಯ ಮಾಡಿಟ್ಟಿದ್ದ. ರಾಣಿ ಎಲಿಜಬೆತ್ ಜನರ ನಡುವೆ ಥಿಯೇಟರಿಗೆ ಬಂದು ಕೂಡುತ್ತಿರಲಿಲ್ಲ, ನಾಟಕವೇ ಅರಮನೆಗೆ ಹೋಗುತ್ತಿತ್ತು. ಸಿನಿಮಾದಲ್ಲಿ ಬರುವ ಒಬ್ಬ ಲಾರ್ಡ್ ಅಮೆರಿಕದ ವರ್ಜೀನಿಯಾದ ತಂಬಾಕಿನ ತೋಟದ ಮಾತಾಡುತ್ತಾನೆ. 1607ರ ತನಕ ಅಲ್ಲಿ ಇಂಗ್ಲಿಷರ ಒಂದು ಊರೂ ನೆಟ್ಟಗೆ ನಿಂತಿರಲಿಲ್ಲ. ಇನ್ನೂ ಬೇಕಾ? ಷೇಕ್ಸ್‌ಪಿಯರನ ಕೋಣೆಯಲ್ಲಿ ಅವನ ಊರಿನ ಹೆಸರು ಬರೆದ ಕುಡಿಯುವ ಕಪ್ ಇದೆ, ಈಗ ಅಲ್ಲಿಗೆ ಪ್ರವಾಸ ಹೋದವರು ಕೊಂಡು ತರುವಂಥದ್ದು. ತೆಗೆದವರು ಬೇಕಂತಲೇ ಇಟ್ಟಿದ್ದಾರೆ. ನಾವು ಸುಳ್ಳು ಹೇಳುತ್ತಿದ್ದೇವೆ ನೋಡ್ರಪ್ಪಾ ಎಂದು ಅವರೇ ಕಣ್ಣು ಹೊಡೆದ ಮೇಲೆ ನೀವೇನು ಕಳ್ಳನನ್ನು ಹಿಡಿಯುವುದು?

ಈ ಸಿನಿಮಾಗೆ ಏಳು ಆಸ್ಕರ್ ಸಿಕ್ಕವು, ಅಷ್ಟಕ್ಕೆ ಲಾಯಕ್ಕಿತ್ತಾ ಎಂದು ಕೇಳುವವರ ಗುಂಪು ಬೇರೆ. ಅದೇ ವರ್ಷದ ಯುದ್ಧದ ಸಿನಿಮಾ 'ಸೇವಿಂಗ್ ಪ್ರೈವೇಟ್ ರಯಾನ್'ಗೆ ಅನ್ಯಾಯವಾಯಿತು ಎನ್ನುತ್ತಾರೆ. ಆಗಿರಬಹುದು. ನಾನು ಆಸ್ಕರ್ ಕಮಿಟಿಯಲ್ಲಿಲ್ಲ, ಮುಂದೆ ಹೋಗೋಣ.

ಒಬ್ಬ ಮಹಾಶಯನಿಗೆ ಮಾತ್ರ ನಾನು ಸಿಟ್ಟಿನಿಂದಲೇ ಉತ್ತರ ಕೊಟ್ಟೆ. "ಹೆಣ್ಣಿನ ಪಾರ್ಟ್ ಗಂಡ್ ಹುಡುಗರು ಮಾಡೋದು, ನಾಟಕದ ದಿನಾನ ಅಂವನ ದನಿ ಒಡೆಯೋದು, ಇದು ಸ್ವಲ್ಪ ಓವರ್ ಆತಲ್ರೀ" ಅಂದ. ಎಲ್ಲಿ ನಿಂತು ಅಂದ ಗೊತ್ತಾ? ಹುಬ್ಬಳ್ಳಿಯ ಸವಾಯಿ ಗಂಧರ್ವ ಹಾಲ್ ಮುಂದೆ! ಅಲ್ಲಪ್ಪಾ, ಆ ಸವಾಯಿ ಗಂಧರ್ವರು ಯಾರು? ಇಲ್ಲೇ ಕುಂದಗೋಳದ ರಾಮಭಾವು, ಹಿಂದೂಸ್ತಾನಿ ಗಾಯಕರು. ಅಬ್ದುಲ್ ಕರೀಂ ಖಾನರ ಹತ್ತಿರ ಕಲಿಯುವಾಗ ವಯಸ್ಸಿಗೆ ಬಂದು ದನಿ ಒಡೆಯಿತು. ವರ್ಷಗಟ್ಟಲೆ ರಿಯಾಜ್ ಮಾಡಿ ಅದನ್ನು ಪಳಗಿಸಿದರು. ಆಮೇಲೆ ಮರಾಠಿ ನಾಟಕ ಕಂಪನಿಯಲ್ಲಿ ಸೀರೆ ಉಟ್ಟು ಹಾಡಿ ಹೆಸರು ಮಾಡಿದರು. ನಮ್ಮ ರಂಗನಟ ಏಣಗಿ ಬಾಳಪ್ಪನವರೂ ಮೊದಲು ಹೆಣ್ಣು ಪಾರ್ಟಿನಲ್ಲಿ ಮೆರೆದವರು. ಇಂಗ್ಲೆಂಡಿನಲ್ಲಿ ಹೆಂಗಸರು ಸಾರ್ವಜನಿಕ ರಂಗಕ್ಕೆ ಬಂದದ್ದು 1660ರಲ್ಲಿ. ಅಂದರೆ ಗಂಡು ಹುಡುಗರ ಆ ಸಂಗತಿ ಅಪ್ಪಟ ನಿಜ. ಇವನು ಅದನ್ನೇ ಹಿಡಿದು ಓವರ್ ಅಂದ.

ಯಾರೂ ಕೇಳದ ಪ್ರಶ್ನೆ ಒಂದಿದೆ. ಆ ಬಡ್ಡಿ ಸಾವಕಾರನ ಕಥೆ ಏನು?

ಅವನ ಹೆಸರು ಫೆನಿಮನ್. ಕಾಲು ಸುಡಿಸಿದವನು ಅವನೇ. ತನ್ನ ರೊಕ್ಕ ಎಲ್ಲಿ ಹೋಗುತ್ತಿದೆ ನೋಡಲು ತಾಲೀಮಿಗೆ ಬಂದು ಕೂಡುತ್ತಾನೆ. ನೀನು ಯಾರು ಎಂದು ದೊಡ್ಡ ನಟ ಕೇಳುತ್ತಾನೆ. ನಾನು ರೊಕ್ಕ ಅನ್ನುತ್ತಾನೆ. ಹಂಗಾದರೆ ಬಾಯಿ ಮುಚ್ಚಿಕೊಂಡು ಕೂತಿರು ಅನ್ನುತ್ತಾನೆ ನಟ. ಕಡೆಗೆ ಅವನಿಗೇ ವಿಷ ಮಾರುವ ಔಷಧಿ ಅಂಗಡಿಯವನ ಪಾರ್ಟ್ ಸಿಗುತ್ತದೆ. ನಾಟಕದಲ್ಲಿ ಆ ಪಾತ್ರಕ್ಕಿರುವುದು ಏಳೆಂಟು ಸಾಲು. ಅದರಲ್ಲೊಂದು ಮಾತು: ವಿಷ ಕೊಡಲು ಒಪ್ಪಿದ್ದು ನನ್ನ ಬಡತನ, ನನ್ನ ಮನಸ್ಸಲ್ಲ. ಬಡ್ಡಿ ವಸೂಲಿಯವನ ಪಾಲಿಗೆ ಬಂದದ್ದು ಈ ಪಾರ್ಟ್!

ಅದನ್ನು ನೋಡುತ್ತ ನಾನು ಒಬ್ಬನೇ ಜೋರಾಗಿ ನಕ್ಕೆ. ಉಳಿದವರು ತಿರುಗಿ ನೋಡಿದರು. ನನಗೆ ನಮ್ಮ ಸಾವಕಾರರು ಕಣ್ಮುಂದೆ ಬಂದಿದ್ದರು.

ಬ್ಯಾಡಗಿ ಹತ್ತಿರದ ಒಂದು ಹಳ್ಳಿ. ಜಾತ್ರೆಯ ನಾಟಕ. ಸೀನರಿ ಬಾಡಿಗೆ, ಮೈಕು, ಪೇಟಿ (ಹಾರ್ಮೋನಿಯಂ) ಮಾಸ್ತರ, ಗದಗಿನಿಂದ ಬರುವ ಇಬ್ಬರು ನಟಿಯರು. ಊರಲ್ಲಿ ಪಟ್ಟಿ ಎತ್ತಿದ್ದು ಅರ್ಧಕ್ಕೂ ಸಾಲಲಿಲ್ಲ. ಅದೇ ಊರಿನವರು, ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟಿದ್ದ ಒಬ್ಬರು ಮೂವತ್ತು ಸಾವಿರ ಕೊಟ್ಟರು. ಬಡ್ಡಿಗೆ. ರೈತರಿಗೆ ಮುಂಗಡ ಕೊಟ್ಟು ಅವರ ಕಾಯಿ ತಮ್ಮ ಅಂಗಡಿಗೇ ಬರುವ ಹಾಗೆ ಮಾಡಿಕೊಳ್ಳುವ ಗಟ್ಟಿ ಆಸಾಮಿ.

ದಿನಾ ರಾತ್ರಿ ತಾಲೀಮಿಗೆ ಬಂದು ಕೂತರು. ಮೊದಮೊದಲು ಮುಖ ಗಂಟಿಕ್ಕಿಕೊಂಡು. ಒಂದು ವಾರ ಆದ ಮೇಲೆ ಖಳನಾಯಕನಿಗೆ "ಸಾಲ ಕೇಳೂದು ಹಂಗಲ್ಲೋ, ಅಷ್ಟ್ ಒದರಬಾರದು, ಸಣ್ಣ ದನೀಲೆ ಕೇಳಬೇಕು" ಎಂದು ಹೇಳಿಕೊಟ್ಟರು. ಅದು ಸರಿಯಾಗಿಯೇ ಇತ್ತು ಅನ್ನಿ. ಕಡೆಗೆ ಡೈರೆಕ್ಟರ್ ಅವರಿಗೊಂದು ಪಾರ್ಟ್ ಕೊಟ್ಟ. ಗೌಡನ ಮುಂದೆ ಕೈಮುಗಿದು ಸಾಲಕ್ಕೆ ವಾಯಿದೆ ಕೇಳುವ ಬಡ ರೈತ. ಮೂರೇ ಮಾತು. ಬಾಡಿಗೆಯ ರುಮಾಲು ಸುತ್ತಿ ಹದಿನೈದು ದಿನ ಪ್ರ್ಯಾಕ್ಟೀಸ್ ಮಾಡಿದರು.

ನಾಟಕದ ರಾತ್ರಿ ರಂಗಕ್ಕೆ ಬಂದು ನಿಂತರು. ನಿಂತೇ ಬಿಟ್ಟರು. ನಾನು ಮರೆಯಿಂದ "ಗೌಡರೇ, ಈ ಬಡವನ ಮೇಲೆ ಕರುಣೆ ತೋರಿ" ಎಂದು ಮೂರು ಸಲ ಎತ್ತಿಕೊಟ್ಟೆ. ಕೇಳಿಸಲೇ ಇಲ್ಲ. ಆಮೇಲೆ ಸಣ್ಣ ದನಿಯಲ್ಲಿ ಶುರು ಮಾಡಿದರು.

"ಗೌಡ್ರ, ಈ ಸಲ ಮಳಿ ಕೈ ಕೊಡ್ತು. ಹೊಸ ಕಾಯಿ ಬಂದ ಕೂಡ್ಲೇ ಮೊದಲ್ನೇ ಚೀಲ ನಿಮ್ಮಲ್ಲೇ ಹಾಕ್ತೀನಿ. ಬ್ಯಾರೇ ಅಂಗಡಿ ಮೆಟ್ಟಲಾ ಹತ್ತಿದ್ರ ಕೇಳ್ರಿ. ಮಗಳ ಲಗ್ನ ಒಂದ್ ಆಗ್ಲಿ, ನಿಮ್ಮ ರೊಕ್ಕ ಎಲ್ಲಿ ಹೊಕ್ಕೈತಿ?"

ನೋಟ್‌ಬುಕ್ ತಿರುವಿದೆ. ಇದ್ಯಾವುದೂ ಅದರಲ್ಲಿಲ್ಲ. ಖಳನಾಯಕ ಗೌಡ ಕಣ್ಣು ಪಿಳಿಪಿಳಿ ಮಾಡುತ್ತಿದ್ದ, ಅವನಿಗೆ ಅಂಗಡಿಯೇ ಇರಲಿಲ್ಲ. ಆದರೆ ಎದುರಿಗೆ ಕೂತ ಜನ ತುಟಿ ಎರಡು ಮಾಡಲಿಲ್ಲ. ಅವು ಅವರದ್ದೇ ಮಾತು. ವರ್ಷ ವರ್ಷ ಆ ಅಂಗಡಿಯ ಗಾದಿಯ ಮುಂದೆ ನಿಂತು ಅವರು ಹೇಳಿದ್ದು. ಮನುಷ್ಯ ಒಂದು ಅಕ್ಷರ ಮರೆತಿರಲಿಲ್ಲ.

ಮುಂದಿನದು ಉತ್ತರ ಕರ್ನಾಟಕದಲ್ಲಿ ಮಾತ್ರ ನಡೆಯಬಹುದು. ಒಬ್ಬ ರೈತ ನಾಟಕ ನಡೆದಿರುವಾಗಲೇ ರಂಗ ಹತ್ತಿ ಬಂದ. ಆಯೇರಿ ಮಾಡಲು, ಅಂದರೆ ಮೆಚ್ಚಿ ಕಾಣಿಕೆ ಕೊಡಲು. ಹತ್ತು ರೂಪಾಯಿ ನೋಟು ತೆಗೆದು ಪಿನ್ ಹಚ್ಚಿ ಸಾವಕಾರರ ಅಂಗಿಗೆ ಚುಚ್ಚಿದ. ಮೈಕ್ ಹತ್ತಿರವೇ ಇತ್ತು.

"ಸಾವಕಾರ್ರ, ಇದನ್ನ ಸಾಲದಾಗ ಹಿಡೀಬ್ಯಾಡ್ರಿ ಮತ್ತ."

ಐದು ನಿಮಿಷ ನಾಟಕ ನಿಂತಿತು. ನಗು ತಡೆಯಲಾರದೆ ಪೇಟಿ ಮಾಸ್ತರ ಪೇಟಿಯ ಮೇಲೆ ತಲೆ ಇಟ್ಟ. ಸಾವಕಾರರು ಮಾತ್ರ ಕೈ ಮುಗಿದುಕೊಂಡೇ ನಿಂತಿದ್ದರು, ಪಾರ್ಟ್ ಬಿಡಲಿಲ್ಲ.

ಬಡ್ಡಿ ಬಿಟ್ಟರಾ? ಬಿಡಲಿಲ್ಲ. ಮೂವತ್ತು ಸಾವಿರ, ಅದರ ಮೇಲೆ ಮೂರು ತಿಂಗಳ ಬಡ್ಡಿ, ಎಣಿಸಿ ತೆಗೆದುಕೊಂಡರು. ರೈತರಿಗೂ ಬಿಟ್ಟದ್ದು ನಾನು ಕೇಳಿಲ್ಲ. ಆದರೆ ಪ್ರತಿ ವರ್ಷ ಜಾತ್ರೆಗೆ ಎರಡು ತಿಂಗಳ ಮುಂಚೆ ಫೋನ್ ಬರುತ್ತದೆ, "ನಂದು ಪಾರ್ಟ್ ಯಾವ್ದು?"

ಮೊನ್ನೆ ಅವರ ಮನೆಗೆ ಹೋಗಿ ಟಿವಿಗೆ ಈ ಸಿನಿಮಾ ಹಚ್ಚಿದೆ. ಇಂಗ್ಲಿಷ್ ಬರುವುದಿಲ್ಲ. ಪಕ್ಕದಲ್ಲಿ ಕೂತು ಮಾತು ಮಾತಿಗೆ ಅರ್ಥ ಹೇಳಿದೆ, ನನ್ನ ಕೆಲಸವೇ ಅದು. ಹಾಸಿಗೆಯ ಸೀನುಗಳು ಬಂದಾಗ ಒಳಗಿನಿಂದ ಅವರ ಮನೆಯವರು ಬಂದಾರೆಂದು ರಿಮೋಟ್ ಹಿಡಿದು ಓಡಿಸಿದೆ. ಪ್ರೇಮಕಥೆ ಅರ್ಧ ಹೋಯಿತು. ಅವರಿಗೆ ಅದರ ಚಿಂತೆ ಇರಲಿಲ್ಲ. ಫೆನಿಮನ್ ಬಂದಾಗಲೆಲ್ಲ ಮುಂದೆ ಸರಿದು ಕೂಡುತ್ತಿದ್ದರು.

ಸಿನಿಮಾ ಮುಗಿಯಿತು. ನಾನು ಕಾದೆ. ಈಗ ಇವರೂ ಸುಳ್ಳಂತಲ್ರೀ ಅನ್ನುತ್ತಾರೆ ಎಂದುಕೊಂಡೆ.

"ಆ ಟೊಪಗಿ ಅಂವಂದ ಸ್ವಂತದ್ದೇನು?" ಅಂದರು.

"ಹೌದ್ರಿ, ಸ್ವಂತದ್ದ."

"ಹಂಗಾರ ಈ ಸಲ ನಾನೂ ನಮ್ಮ ಮನೀ ರುಮಾಲ ಸುತ್ಕೊಂಡು ಬರ್ತೀನಿ. ನಿಮ್ಮ ಬಾಡಿಗಿ ರುಮಾಲಿನ್ಯಾಗ ಹೇನು ಇರ್ತಾವ."