ದೊಡ್ಡವ್ವನ ಮನೆಯ ಐದು ಸೇರು

2024ರ ಗೌರಿ ಹಬ್ಬಕ್ಕೆ ತವರಿಗೆ ಹೋಗಿದ್ದೆ. ನಮ್ಮೂರು ಮಂಡ್ಯದ ಹತ್ತಿರ, ವಿ.ಸಿ. ನಾಲೆ ಬಯಲು. ಹಿಂದಿನ ವರ್ಷ ಮಳೆ ಕೈಕೊಟ್ಟು ಕನ್ನಂಬಾಡಿ ಕಟ್ಟೆ ತುಂಬಿರಲಿಲ್ಲ. ನಾಲೆಗೆ ನೀರು ಬರುತ್ತೋ ಇಲ್ವೋ ಅಂತ ಅಣ್ಣ ನಾಟಿಯನ್ನೇ ಹಾಕಿಸಲಿಲ್ಲ. ಈ ಸಲ ಕಟ್ಟೆ ತುಂಬಿ ಪೈರು ಹಸಿರಾಗಿ ನಿಂತಿತ್ತು, ಆದರೆ ಅದು ಅಕ್ಕಿ ಆಗೋಕೆ ಇನ್ನೂ ಮೂರು ತಿಂಗಳು ಬೇಕಲ್ವಾ? ಮನೇಲಿ ಇದ್ದದ್ದು ಅಂಗಡಿ ಅಕ್ಕಿ.

ನಾನು ಹೊರಡುವ ದಿನ ಅತ್ತಿಗೆ ಅದನ್ನೇ ಮೊರಕ್ಕೆ ಹಾಕಿಕೊಂಡು ನುಚ್ಚು ಆರಿಸುತ್ತಾ ಕೂತಿದ್ದರು. ಮಡಿಲಿಗೆ ಹಾಕುವ ಅಕ್ಕಿ ಇಡಿಯಾಗಿರಬೇಕು. ಮದುವೆಯ ಅಕ್ಷತೆಗೂ ಹಾಗೇ, ಅಕ್ಷತೆ ಅಂದರೇನೇ ಮುರಿಯದ್ದು. ಅಣ್ಣ ಬಂದು ನೋಡಿದವನು "ಅಂಗಡಿ ಅಕ್ಕಿನ ತಂಗಿ ಮಡಿಲಿಗೆ ಹಾಕೋದಾ?" ಅಂದ. "ಯಾವುದಾದ್ರೇನಣ್ಣ, ಸುಮ್ನಿರು" ಅಂದೆ. ಕೇಳಲಿಲ್ಲ. ಚೀಲ ಹಿಡಿದು ದೊಡ್ಡವ್ವನ ಮನೆಗೆ ಹೋದ. ಅವರ ಜಮೀನಲ್ಲಿ ಬೋರ್‌ವೆಲ್ ಇದೆ, ಮನೆಗಾಗುವಷ್ಟು ರಾಜಮುಡಿ ಬೆಳೆದಿದ್ದರು. ಐದು ಸೇರು ಸಾಲ ತಂದ. ಇಡೀ ಬರಗಾಲದಲ್ಲಿ ಯಾರ ಬಾಗಿಲಿಗೂ ಹೋಗಿ ಒಂದು ಹಿಡಿ ಕೇಳದಿದ್ದ ಮನುಷ್ಯ ಅವನು.

ಪೂರ್ವಕ್ಕೆ ಮುಖ ಮಾಡಿ ಮಣೆ ಮೇಲೆ ಕೂತು ಸೆರಗೊಡ್ಡಿದೆ. ಅತ್ತಿಗೆ ಅರಿಶಿನ ಕುಂಕುಮ ಕೊಟ್ಟು ಬೊಗಸೆ ಬೊಗಸೆ ಅಕ್ಕಿ ಹಾಕಿದರು, ಮೇಲೆ ಕೊಬ್ಬರಿ ಗಿಟುಕು, ಬೆಲ್ಲದ ಅಚ್ಚು, ಎಲೆ ಅಡಿಕೆ, ರವಿಕೆ ಕಣ. ಧಾರವಾಡದ ಕಡೆ ಇದಕ್ಕೆ ಉಡಿ ತುಂಬೋದು ಅಂತಾರೆ, ಸವದತ್ತಿ ಎಲ್ಲಮ್ಮನಿಗೂ ಮನೆಮಗಳಿಗೆ ತುಂಬಿದ ಹಾಗೇ ಉಡಿ ತುಂಬುತ್ತಾರೆ. ಸೆರಗು ಭಾರವಾಗುತ್ತಾ ಹೋದಂತೆ ಅವ್ವ ನೆನಪಾದಳು. ಎರಡು ವರ್ಷದ ಹಿಂದೆ ಇದೇ ನಡುಮನೆಯಲ್ಲಿ ಅವಳ ಬಾಯಿಗೆ ನಾನು ಅಕ್ಕಿಕಾಳು ಹಾಕಿದ್ದೆ. ಆಗ, ಇನ್ನು ನನ್ನ ಮಡಿಲು ತುಂಬೋರು ಯಾರು ಅನ್ನಿಸಿಬಿಟ್ಟಿತ್ತು. ಅಂಥ ಹೊತ್ತಲ್ಲಿ ಇಂಥ ಯೋಚನೆ ಬಂತಲ್ಲ ಅಂತ ನಾಚಿಕೆಯೂ ಆಗಿತ್ತು.

ಎದ್ದ ಮೇಲೆ ಮೂರು ಹಿಡಿ ತೆಗೆದು ಮನೆಯ ಅಕ್ಕಿ ಡಬ್ಬಕ್ಕೆ ಹಾಕಿದೆ. ತವರು ಬರಿದಾಗಬಾರದು ಅಂತ ಮಗಳು ಬಿಟ್ಟು ಹೋಗುವ ಪಾಲು ಅದು. ಬೆಳ್ಳಗಿನ ಅಂಗಡಿ ಅಕ್ಕಿ ಮೇಲೆ ರಾಜಮುಡಿಯ ಕೆಂಪು ಕಾಳು ಎದ್ದು ಕಾಣುತ್ತಿತ್ತು.

ಬೆಂಗಳೂರಿಗೆ ಬಂದು ಶುಕ್ರವಾರ ಪಾಯಸ ಮಾಡಿದೆ. ಮಡಿಲಕ್ಕಿಯನ್ನು ಹೊರಗಿನವರಿಗೆ ಕೊಡಬಾರದು, ಮನೆಯವರೇ ಉಣ್ಣಬೇಕು ಅಂತ ಅವ್ವ ಹೇಳುತ್ತಿದ್ದಳು.

ಡಿಸೆಂಬರಲ್ಲಿ ಕುಯ್ಲು ಮುಗಿದು ಭತ್ತ ಮಿಲ್ಲಿಗೆ ಹಾಕಿಸಿದ ದಿನವೇ ಅಣ್ಣ ಐದು ಸೇರು ಹೊತ್ತುಕೊಂಡು ದೊಡ್ಡವ್ವನ ಮನೆಗೆ ಹೋದನಂತೆ. ಅವರು ಮುಟ್ಟಲಿಲ್ಲವಂತೆ. "ಮಡಿಲಿಗೆ ಹಾಕಿದ್ದನ್ನ ಯಾರಾದ್ರೂ ವಾಪಸ್ ಈಸ್ಕೊತಾರೇನ್ಲಾ? ಅವಳು ನನಗೂ ಮಗಳಲ್ವಾ?" ಅಂದರಂತೆ. ಫೋನಲ್ಲಿ ಇದನ್ನು ಹೇಳಿ ಅಣ್ಣ ಸ್ವಲ್ಪ ಹೊತ್ತು ಸುಮ್ಮನಾದ. ಆಮೇಲೆ, "ಸಂಕ್ರಾಂತಿಗೆ ಬಾ ಕಣವ್ವ, ಈ ಸಲ ನಮ್ಮ ಗದ್ದೆದೇ ಅದೆ" ಅಂದ.