ನುಚ್ಚು ಚೆಲ್ಲಿದ ಮೇಲೆ ಗೊತ್ತಾದದ್ದು

ಪುಣೆಯ ಒಂದು ಲ್ಯಾಬಿನಲ್ಲಿ ಬಸವನಹುಳುಗಳ ಚಿಪ್ಪು ಆರಿಸುವುದು ನನ್ನ ಕೆಲಸ. ಭೀಮಾಶಂಕರದ ಕಡೆಯ ದೇವರಾಯಿಗಳಿಂದ ಚೀಲಗಟ್ಟಲೆ ತರಗೆಲೆ, ಮಣ್ಣು ಬರುತ್ತದೆ. ದೇವರಾಯಿ ಅಂದರೆ ನಮ್ಮ ದೇವರಕಾಡೇ. ಅದನ್ನೆಲ್ಲ ಒಣಗಿಸಿ, ಜರಡಿ ಹಿಡಿದು, ಸಿಕ್ಕ ಚಿಪ್ಪುಗಳನ್ನು ಜಾತಿವಾರು ಬೇರೆ ಮಾಡಬೇಕು. ಮೊದಲ ವರ್ಷ ನಾನು ಮಾಡಿದ ತಪ್ಪೊಂದನ್ನು ಈ ಕೆಲಸಕ್ಕೆ ಹೊಸದಾಗಿ ಬರುವವರಿಗಾಗಿ ಬರೆಯುತ್ತಿದ್ದೇನೆ.

ಆಗ ನನ್ನ ಹತ್ತಿರ ಇದ್ದದ್ದು 2 ಮಿಲಿಮೀಟರ್ ಕಣ್ಣಿನ ಜರಡಿ. ಮೇಲೆ ನಿಂತದ್ದನ್ನು ಆರಿಸುತ್ತಿದ್ದೆ, ಕೆಳಗೆ ಬಿದ್ದ ಪುಡಿಯನ್ನು ಹಿತ್ತಲಿನ ಗಿಡಗಳ ಬುಡಕ್ಕೆ ಸುರಿಯುತ್ತಿದ್ದೆ. ಮೇಲೆ ಸಿಗುವ ಚಿಪ್ಪುಗಳು ಕಣ್ಣಿಗೆ ಹಬ್ಬ. ಬಹುಪಾಲು ಬಸವನಹುಳುಗಳು ಬಲಕ್ಕೆ ಸುತ್ತಿಕೊಂಡರೆ ಅರಿಯೋಫಾಂಟಾ ಅನ್ನುವ ಬಗೆಯದು ಎಡಕ್ಕೆ ಸುತ್ತಿಕೊಂಡಿರುತ್ತದೆ. ಅದು ಸಿಕ್ಕ ದಿನ ಬೇರೇನೂ ಬೇಡ ಅನ್ನಿಸುತ್ತಿತ್ತು.

ಲ್ಯಾಬ್ ಸ್ವಚ್ಛ ಮಾಡಲು ಬರುವ ಅಕ್ಕ ಕಲಬುರಗಿ ಕಡೆಯವರು. ಒಂದು ಮಧ್ಯಾಹ್ನ ನಾನು ಪುಡಿ ಸುರಿಯಲು ಹೊರಟಾಗ ದಾರಿಗೆ ಅಡ್ಡ ನಿಂತರು. "ಮೇಡಂ, ನುಚ್ಚು ಯಾರರೆ ಚೆಲ್ತಾರೇನ್ರಿ? ಇದರಾಗೂ ಏನೋ ಮಿಂಚಾಕತ್ತೈತಿ ನೋಡ್ರಿ" ಅಂದರು. ಸ್ಟೀಲ್ ಬೋಗುಣಿಗೆ ನೀರು ತುಂಬಿ ಒಂದು ಹಿಡಿ ಪುಡಿ ಹಾಕಿದರು. ಮಣ್ಣು ತಳಕ್ಕಿಳಿಯಿತು. ಎಲೆಚೂರಿನ ಜೊತೆ ಬೆಳ್ಳನೆಯ ಕಾಳುಗಳು ತೇಲಿ ಬಂದವು. ಒಣಗಿದ ಖಾಲಿ ಚಿಪ್ಪಿನೊಳಗೆ ಗಾಳಿ ಇರುತ್ತದಲ್ಲ, ಅದಕ್ಕೇ ತೇಲುತ್ತದೆ. ಚಹಾ ಸೋಸುವ ಜಾಲರಿಯಲ್ಲಿ ಎತ್ತಿ, ಹಳೇ ಪೇಪರ್ ಮೇಲೆ ಆರಹಾಕಿ, ಲೆನ್ಸ್ ಕೆಳಗಿಟ್ಟೆ. ಸಾಸಿವೆಗಿಂತ ಚಿಕ್ಕ ಚಿಪ್ಪು. ನಾಲ್ಕು ಸುತ್ತು ಸ್ಪಷ್ಟವಾಗಿ ಎಣಿಸಬಹುದಿತ್ತು. ಬಾಯಿಯ ಅಂಚಿನಲ್ಲಿ ಹಲ್ಲಿನಂಥ ಉಬ್ಬುಗಳು. ಪೂರ್ತಿ ಬೆಳೆದ ಹುಳುವಿನ ಚಿಪ್ಪು ಅದು, ಮರಿಯದಲ್ಲ.

ನನ್ನ ಕೈಕಾಲು ತಣ್ಣಗಾದವು. ಐದು ಜಾಗಗಳ ಪಟ್ಟಿಯಲ್ಲಿ "ಸಣ್ಣ ಜಾತಿಗಳು ಇಲ್ಲ" ಅಂತ ನಾನೇ ಬರೆದು ಕೊಟ್ಟಿದ್ದೆ.

ಈ "ಇಲ್ಲ" ಅನ್ನುವ ಮಾತಿಗೆ ನಮ್ಮ ಕೆಲಸದಲ್ಲಿ ತೂಕ ಜಾಸ್ತಿ. ಸುಮಾರು 21,000 ವರ್ಷಗಳ ಹಿಂದೆ ಹಿಮಯುಗ ತುಟ್ಟತುದಿಯಲ್ಲಿದ್ದಾಗ ಕಾಡಿನ ಜೀವಿಗಳು ಎಲ್ಲಿ ಉಳಿದುಕೊಂಡವು ಅನ್ನುವುದಕ್ಕೆ ಬಸವನಹುಳು ಒಳ್ಳೆಯ ಸಾಕ್ಷಿ. ಹಕ್ಕಿ ಹಾರಿ ಹೋಗಿ ಮತ್ತೆ ಬರಬಹುದು. ಇದು ಹುಟ್ಟಿದ ಮರದ ಬುಡ ಬಿಟ್ಟು ದೂರ ಹೋಗುವುದಿಲ್ಲ. ಸತ್ತ ಮೇಲೂ ಸುಣ್ಣದ ಚಿಪ್ಪು ಮಣ್ಣಲ್ಲಿ ಉಳಿಯುತ್ತದೆ. ಮಧ್ಯ ಯುರೋಪಿನ ಕಾಡಿನ ಬಸವನಹುಳುಗಳೆಲ್ಲ ಆಗ ದಕ್ಷಿಣಕ್ಕೆ, ಬಾಲ್ಕನ್ ಕಡೆಗೆ ಸರಿದು ಉಳಿದವು ಅಂತ ಬಹಳ ಕಾಲ ನಂಬಿದ್ದರು. ಜೆಕ್ ವಿಜ್ಞಾನಿ ವೊಯೆನ್ ಲೋಜೆಕ್ ಜೀವನವಿಡೀ ಮಣ್ಣಿನ ಪದರಗಳಿಂದ ಚಿಪ್ಪು ಎಣಿಸಿದವರು. ಅವರೂ ಜೊತೆಗಾರರೂ 2014ರಲ್ಲಿ ಆ ನಂಬಿಕೆಯನ್ನು ಅಲುಗಾಡಿಸಿದರು. ಮಧ್ಯ ಯುರೋಪಿನಲ್ಲೇ ಇರುವ ಕಾರ್ಪೇಥಿಯನ್ ಬೆಟ್ಟಗಳಲ್ಲಿ ಹಿಮಯುಗದ ಪದರಗಳಲ್ಲೇ ಕಾಡಿನ ಜಾತಿಗಳ ಚಿಪ್ಪು ಸಿಕ್ಕಿದ್ದವು. ಅವರ ಜರಡಿ ನನ್ನದರಂತೆ ದೊಡ್ಡ ಕಣ್ಣಿನದಾಗಿದ್ದರೆ?

ನಮ್ಮ ಸಹ್ಯಾದ್ರಿಯಲ್ಲಿ ಹಿಮ ಕೂರಲಿಲ್ಲ. ಇಲ್ಲಿ ಬಡವಾದದ್ದು ಮುಂಗಾರು. ಸಮುದ್ರ ಸುಮಾರು 120 ಮೀಟರ್ ಕೆಳಗಿಳಿದು ಕೊಂಕಣದ ದಡ ಪಡುವಣಕ್ಕೆ ಸರಿದಿತ್ತು. ತೇವ ಇಲ್ಲದೆ ಬದುಕದ ಇಂಥ ಜೀವಿಗಳು ಆಗ ಯಾವ ಕಣಿವೆಯ ನೆರಳಲ್ಲಿ ಉಸಿರು ಹಿಡಿದುಕೊಂಡಿದ್ದವು? ಸಾಸಿವೆಯಷ್ಟು ಚಿಕ್ಕ ಚಿಪ್ಪನ್ನು ಬಿಟ್ಟು ಇದನ್ನು ಕೇಳುವುದರಲ್ಲಿ ಅರ್ಥವಿಲ್ಲ.

ಮಾರನೇ ದಿನವೇ ನಮ್ಮ ಮುಖ್ಯಸ್ಥರಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಪಟ್ಟಿಯಲ್ಲಿ "ಇಲ್ಲ" ಅಂತಿದ್ದ ಕಡೆಯೆಲ್ಲ "ನೋಡಿಲ್ಲ" ಅಂತ ತಿದ್ದಿಸಿದರು. ಮಳೆ ಮುಗಿದ ಮೇಲೆ ನಾಲ್ಕು ಜಾಗಗಳಿಂದ ಮತ್ತೆ ಮಣ್ಣು ತಂದೆವು. ನಾಲ್ಕರಲ್ಲೂ ಸಣ್ಣ ಚಿಪ್ಪುಗಳಿದ್ದವು.

ಐದನೆಯದಕ್ಕೂ ಹೋಗಿದ್ದೆವು. ಅಷ್ಟರಲ್ಲಿ ಅಲ್ಲಿನ ಗುಡಿ ಹೊಸದಾಗಿತ್ತು. ಸುತ್ತಲಿನ ತರಗೆಲೆ ಗುಡಿಸಿ, ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿದ್ದರು. ಊರವರು ಭಕ್ತಿಯಿಂದಲೇ ಮಾಡಿದ ಕೆಲಸ, ಅವರನ್ನು ದೂರಲಾರೆ. ಆದರೆ ಆ ಅಂಗಳದ ಹಳೇ ಮಣ್ಣು ಒಂದು ಚೀಲ ನನ್ನ ಕೈಯಲ್ಲಿತ್ತು. ಅದರ ಪುಡಿಯನ್ನು ದಾಸವಾಳದ ಬುಡಕ್ಕೆ ಹಾಕಿದವಳು ನಾನೇ. ಪಟ್ಟಿಯಲ್ಲಿ ಆ ಸಾಲು ಇವತ್ತಿಗೂ "ನೋಡಿಲ್ಲ" ಅಂತಲೇ ಇದೆ.

ಈಗ ಅರ್ಧ ಮಿಲಿಮೀಟರ್ ಜರಡಿಯೂ ಇದೆ. ಅದರಿಂದ ಕೆಳಗೆ ಬಿದ್ದ ಪುಡಿಯನ್ನೂ ಡಬ್ಬಿಗೆ ತುಂಬಿ, ಜಾಗ, ಎತ್ತರ, ತಾರೀಖು ಬರೆದಿಡುತ್ತೇವೆ. ಆ ಕಪಾಟಿನ ಬಾಗಿಲ ಮೇಲೆ ಅಕ್ಕ ಚಾಕ್‌ಪೀಸಿನಲ್ಲಿ ದೊಡ್ಡದಾಗಿ ಬರೆದಿದ್ದಾರೆ: ನುಚ್ಚು.