ಎಲ್ಲಾ ಎಕ್ಸಾಮೂ ಹಾಕ್ಬಿಡಿ ಅನ್ನುವವರಿಗೆ

ಮಂಡ್ಯದಲ್ಲಿ ನನ್ನದೊಂದು ಸೈಬರ್ ಅಂಗಡಿ. ದೀಪಾವಳಿ ಆಸುಪಾಸಿನಲ್ಲಿ ಜೆಇಇ ಅರ್ಜಿ ಶುರುವಾದರೆ ಮುಗಿಯಿತು, ಮೇ ಕಳೆಯುವ ತನಕ ಒಂದೇ ಪ್ರಶ್ನೆ. "ಅಣ್ಣ, ಮಗಳು ಸೆಕೆಂಡ್ ಪಿಯು. ಯಾವ್ಯಾವ ಎಕ್ಸಾಮ್ ಬರೆಸ್ಬೇಕು, ಯಾವಾಗ?"

ಹೇಳಿ ಹೇಳಿ ಬಾಯಿ ಒಣಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ಏನು ಓದಿಸ್ತೀರಿ ಅಂತ ಹೇಳಿ. ಎಂಬಿಬಿಎಸ್‌ಗೆ ನೀಟ್ ಬಿಟ್ಟು ಬೇರೆ ದಾರಿಯಿಲ್ಲ, ಅದು ಮೇ ತಿಂಗಳಲ್ಲಿ. ನಮ್ಮ ರಾಜ್ಯದಲ್ಲೇ ಇಂಜಿನಿಯರಿಂಗ್ ಸಾಕು ಅಂದರೆ ಏಪ್ರಿಲಿನ ಸಿಇಟಿ. ಖಾಸಗಿ ಕಾಲೇಜಿನ ಫೀಸು ಕಟ್ಟುವ ತಾಕತ್ತಿದ್ದರೆ ಜೊತೆಗೆ ಕಾಮೆಡ್‌ಕೆ, ಅದು ಖಾಸಗಿ ಕಾಲೇಜುಗಳದ್ದೇ ಪರೀಕ್ಷೆ. ಸುರತ್ಕಲ್ ಎನ್‌ಐಟಿ ಥರದ್ದು ಬೇಕಿದ್ದರೆ ಜೆಇಇ. ಅದು ಜನವರಿಯಲ್ಲೊಮ್ಮೆ, ಏಪ್ರಿಲಿನಲ್ಲೊಮ್ಮೆ. ಎರಡೂ ಬರೆದರೆ ಯಾವುದು ಚೆನ್ನಾಗಿ ಬಂತೋ ಅದನ್ನೇ ಹಿಡಿಯುತ್ತಾರೆ. ಹಾಗಾಗಿ ಜನವರಿಯದ್ದು ಬರೆಸಿ. ಕಮ್ಮಿ ಬಂತು ಅಂತ ಮನೆಯಲ್ಲಿ ರಾದ್ಧಾಂತ ಮಾಡುವವರು ಮಾತ್ರ ಬರೆಸಬೇಡಿ. ಮಾರ್ಚ್ ಹೊತ್ತಿಗೆ ಪಿಯು ಪರೀಕ್ಷೆ ಇರುತ್ತದೆ. ಸಿಇಟಿಯ ಇಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧ ಪಾಲು ಆ ಪಿಯು ಅಂಕದ್ದೇ.

ಇನ್ನೊಂದು. ಸಿಇಟಿಯಲ್ಲಿ ಒಂದು ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ, ನೆಗೆಟಿವ್ ಇಲ್ಲ. ಒಂದನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ ಸರಿಗೆ 4, ತಪ್ಪಿಗೆ 1 ಕಟ್. ಇಲ್ಲಿಯ ಅಭ್ಯಾಸ ಅಲ್ಲಿಗೆ ಹೊತ್ತುಕೊಂಡು ಹೋದರೆ ಕೆಟ್ಟಿರಿ.

ಇಷ್ಟೇ. ಇಷ್ಟು ಹೇಳಿದ ಮೇಲೂ ಹತ್ತರಲ್ಲಿ ಒಂಬತ್ತು ಜನ ಅನ್ನುವುದು: "ಇರ್ಲಿ, ಎಲ್ಲಾ ಹಾಕ್ಬಿಡಿ." ಮದುವೆ ಮನೆಯಲ್ಲಿ ಎಲೆ ಮುಂದೆ ಕೂತವರ ಹಾಗೆ. ಬರೆಯುವವಳು ಪಕ್ಕದಲ್ಲೇ ನಿಂತಿರುತ್ತಾಳೆ, ಅವಳ ಹೊಟ್ಟೆ ಎಷ್ಟು ಹಿಡಿಯುತ್ತದೆ ಅಂತ ಯಾರೂ ಕೇಳುವುದಿಲ್ಲ. ಅರ್ಜಿ ಜಾಸ್ತಿಯಾದರೆ ನನಗೇ ಲಾಭ, ಗೊತ್ತು. ಆದರೂ ಹೇಳ್ತೀನಿ.

ಎರಡು ವರ್ಷದ ಹಿಂದೆ ಸಿಇಟಿ ಅರ್ಜಿಯ ಕೊನೇ ದಿನ, ರಾತ್ರಿ ಶಟರ್ ಅರ್ಧ ಇಳಿಸಿದ್ದೆ. ಅಪ್ಪ ಮಗಳು ಬಗ್ಗಿ ಒಳಗೆ ಬಂದರು. ಅಪ್ಪ ಕಬ್ಬಿನ ಲೋಡ್ ವಿಚಾರ ಫೋನಿನಲ್ಲಿ ಜಗಳ ಆಡುತ್ತಲೇ ಇದ್ದರು. ಹುಡುಗಿ ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಪಿಯು ಓದುತ್ತಿದ್ದಳು. ಗ್ರಾಮೀಣ ಮೀಸಲಾತಿ ಕಾಲಂ ಬಂತು. ಮೈಸೂರು ಅಲ್ವಾ ಅಂತ 'ಇಲ್ಲ' ಒತ್ತಿದೆ. ಒಂದು ಮಾತು ಕೇಳಲಿಲ್ಲ. ತಪ್ಪು ನನ್ನದೇ.

"ಅಣ್ಣ, ನಾನು ಹತ್ತನೇ ಕ್ಲಾಸ್ ತನಕ ಊರ ಸ್ಕೂಲಲ್ಲೇ ಓದಿದ್ದು. ಕನ್ನಡ ಮೀಡಿಯಂ."

ಒಂದರಿಂದ ಹತ್ತು ಪೂರ್ತಿ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಕೋಟಾ, 15 ಪರ್ಸೆಂಟ್. ಅಷ್ಟೂ ವರ್ಷ ಕನ್ನಡ ಮಾಧ್ಯಮ ಆಗಿದ್ದರೆ ಇನ್ನೊಂದು 5 ಪರ್ಸೆಂಟ್ ಸೀಟಿಗೂ ಅರ್ಹತೆ. ಕೇಳದೆ ಒತ್ತುತ್ತಾ ಹೋಗಿದ್ದರೆ ಎರಡನ್ನೂ ತೊಳೆದು ಹಾಕುತ್ತಿದ್ದೆ. ವಾಪಸ್ ಹೋಗಿ 'ಹೌದು' ಮಾಡಿದೆ. ಅಪ್ಪ ಫೋನ್ ಕೆಳಗಿಳಿಸಿ ಕೇಳಿದ್ದು: "ಅದಕ್ಕೆ ಜಾಸ್ತಿ ದುಡ್ಡಾ?"

ಜನವರಿನಾ ಏಪ್ರಿಲ್ಲಾ ಅಂತ ತಲೆ ತಿನ್ನುವವರೇ, ಒಂದು ದಿನವಾದರೂ "ನಮಗೆ ಏನೇನು ಬರುತ್ತೆ, ಯಾವ ಕಾಗದ ಬೇಕು?" ಅಂತ ಕೇಳಿ. ಕೂರಿಸಿ ಟೀ ಕೊಟ್ಟು ಹೇಳುತ್ತೇನೆ. ಎಲ್ಲಿ ಓದಿದ್ದು ಅಂತ ತೋರಿಸುವ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಸಹಿ ಬೇಕು. ಜಾತಿ, ಆದಾಯದ ಕಾಗದದಲ್ಲಿ ಆರ್‌ಡಿ ನಂಬರ್, ಅಂದರೆ ಆ ಪ್ರಮಾಣಪತ್ರದ ಸಂಖ್ಯೆ ಇರಬೇಕು, ಅದಕ್ಕೆ ನಾಡಕಚೇರಿಗೆ ಮೊದಲೇ ಅಲೆಯಬೇಕು. ಕೊನೇ ದಿನ ರಾತ್ರಿ ನಾಡಕಚೇರಿ ತೆಗೆದಿರುತ್ತಾ?

ಅವತ್ತು ಬಿಎಸ್ಸಿ ಅಗ್ರಿ ವಿಚಾರವನ್ನೂ ಎತ್ತಿದೆ. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ ಇರುತ್ತದೆ, ಕಾಲೇಜು ಇಲ್ಲೇ ವಿ.ಸಿ. ಫಾರಂನಲ್ಲೂ ಇದೆ ಅಂದೆ. ಹುಡುಗಿ ಸ್ಕ್ರೀನ್ ಹತ್ತಿರ ಬಂದಳು. ಅಪ್ಪ ನಕ್ಕರು. "ಅಷ್ಟು ಓದಿ ಮತ್ತೆ ಗದ್ದೆಗೇ ಇಳೀಬೇಕಾ?"

"ನೀವು ಇಳೀತಿರೋದು ಓದದೇ ಅಲ್ವಾ?" ಅಂದಳು. ನಾನು ಪ್ರಿಂಟರಿಗೆ ಹಾಳೆ ತುಂಬಿಸುವ ಹಾಗೆ ನಟಿಸಿದೆ.

ಆ ಕಾಲಮ್ಮಿಗೂ 'ಹೌದು' ಬಿತ್ತು. ಬೈಕ್ ಹತ್ತಿ ಹೋದರು. ಶಟರ್ ಪೂರ್ತಿ ಎಳೆದು ಬೀಗ ಹುಡುಕುತ್ತಿದ್ದಾಗ ಫೋನ್ ಬಂತು. ಅದೇ ಅಪ್ಪ.

"ಅಣ್ಣ, ಅದೇನೋ ಕಾಮೆಡ್‌ಕೆ ಅಂದ್ರಲ್ಲ. ಇರ್ಲಿ, ಅದನ್ನೂ ಒಂದು ಹಾಕ್ಬಿಡಿ."